ತಾವರೆಯ ಕಾಯಿ, ನೈದಿಲೆಯ ಕಾಯಿ

ಮುಂಡಗೋಡ,
೧೪ ನವೆಂಬರ್ ೧೯೬೬

ಶಹನಾಜ,

ಕ್ಷೇಮಸಮಾಚಾರದ ಸಾಲನ್ನು ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದೆ. ಎಂಟು ವರ್ಷ ಸುಮ್ಮನಿದ್ದವಳು ಈಗ ಆರೋಗ್ಯ ವಿಚಾರಿಸಿದರೆ ನೀನು ಕಾಗದವನ್ನು ಅಲ್ಲಿಗೇ ಮಡಚಿ ಇಟ್ಟೀಯೆ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿನ್ನ ವಿಳಾಸವನ್ನು ದಾಂಡೇಲಿ ಬಸ್ಸಿನ ಕಂಡಕ್ಟರ್ ಉಳವಪ್ಪ ಕೊಟ್ಟ. ನಿನ್ನ ಗಂಡ ಮನ್ಸೂರ ಅವರ ಗ್ಯಾರೇಜು ಅವನಿಗೆ ಗೊತ್ತಂತೆ.

ಈ ಜೂನಿನಿಂದ ನಾನು ಇಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಹೋದ ಸಂತೆಯಲ್ಲಿ ಈರಕ್ಕ ಎಂಬ ಮುದುಕಿ ಗೋಣಿತಟ್ಟಿನ ಮೇಲೆ ಒಂದು ಬಗೆಯ ಕಾಯಿಗಳನ್ನು ಗುಡ್ಡೆ ಹಾಕಿಕೊಂಡು ಕೂತಿದ್ದಳು. ಅಂಗೈ ಅಗಲದ ಕಾಯಿ. ಮೇಲೆ ಚಪ್ಪಟೆ, ಕೆಳಗೆ ದಂಟಿನ ಕಡೆಗೆ ಕಿರಿದಾಗುತ್ತ ಹೋಗುತ್ತದೆ. ಚಪ್ಪಟೆ ಭಾಗದಲ್ಲಿ ಕಣಜದ ಗೂಡಿನಂತೆ ತೂತುಗಳು, ಒಂದೊಂದು ತೂತಿನಲ್ಲಿ ಒಂದೊಂದು ಬೀಜ. ಏನು ಇದು ಎಂದು ಕೇಳಿದೆ.

"ತಾವರಿ ಕಾಯಿರಿ ಅಕ್ಕೋರ. ನಮ್ಮ ಕೆರಿ ತುಂಬ ಇದ ಐತಿ. ಹಸರ ಇದ್ದಾಗ ಸುಲದ ತಿನ್ರಿ. ಒಳಗ ಹಸರ ಮೊಳಕಿ ಇರತೈತಿ, ಅದನ್ನ ತಗದ ಒಗೀರಿ, ಭಾಳ ಕಹಿ. ಒಣಗಿದ ಮ್ಯಾಲ ಕಲ್ಲ ಆಗತಾವ ನೋಡ್ರಿ," ಎಂದು ಸೆರಗಿನ ಗಂಟಿನಿಂದ ಒಂದು ಒಣ ಬೀಜ ತೆಗೆದು ನನ್ನ ಕೈಗೆ ಹಾಕಿದಳು. ಕಪ್ಪಗೆ, ಸ್ವಲ್ಪ ಉದ್ದುದ್ದ, ಉಗುರಿಗೆ ಜಗ್ಗದಷ್ಟು ಗಟ್ಟಿ.

ನನ್ನ ಟ್ರಂಕಿನಲ್ಲಿ ಒಂದು ಕಡ್ಡಿಪೆಟ್ಟಿಗೆ ಇದೆ. ಅದರಲ್ಲಿ ಅಂಥವೇ ಐದು ಬೀಜ. ಎಲ್ಲಿಯವು ಎಂದು ನಿನಗೆ ಗೊತ್ತು.

ಆ ದಿನ ನಡೆದದ್ದನ್ನು ನನ್ನ ನೆನಪಿನಲ್ಲಿ ಇದ್ದಂತೆ ಬರೆಯುತ್ತೇನೆ. ತಪ್ಪಿದ್ದರೆ ತಿದ್ದು. ೧೯೫೮ರ ಡಿಸೆಂಬರಿನಲ್ಲಿ ನಮ್ಮ ಅಣ್ಣನ ಹೆಂಡತಿ ಕಾಶೆವ್ವ ಎಂಟು ತಿಂಗಳ ಬಸುರಿಯಾಗಿದ್ದಾಗ ತೀರಿಕೊಂಡಳು. ವಾಂತಿ ನಿಲ್ಲಲೆಂದು ಅಣ್ಣ ಹಳಿಯಾಳದಲ್ಲಿ ನಿನ್ನ ತಂದೆಯವರ ಅಂಗಡಿಯಿಂದ ಕಮಲದ ಬೀಜ ತಂದಿದ್ದ. ಅವಳ ತಲೆದಿಂಬಿನ ಹತ್ತಿರ ಆ ಪೊಟ್ಟಣ ಸಿಕ್ಕಿತು. ಅದು ವಿಷವಿರಬೇಕೆಂದು ನಮ್ಮೂರು ಸಾಂಬ್ರಾಣಿಯ ಚಾವಡಿಗೆ ನಿನ್ನ ತಂದೆಯನ್ನು ಕರೆಸಿದರು. ಕಾಲೇಜಿನಲ್ಲಿ ಒಂದು ವರ್ಷ ಸಸ್ಯಶಾಸ್ತ್ರ ಓದಿದವಳೆಂದು ನನ್ನನ್ನು ಕೇಳಿದರು. ನಾನು ನಮ್ಮ ಊರ ಕೆರೆಯಿಂದ ಕಮಲದ ಕಾಯಿ ತರಿಸಿ, ಎಲ್ಲರೆದುರು ಹಿಚುಕಿ, ಸಾಸಿವೆಯಷ್ಟು ಸಣ್ಣ ಬೀಜ ತೋರಿಸಿ, ಪೊಟ್ಟಣದಲ್ಲಿರುವುದು ಕಮಲದ ಬೀಜವೇ ಅಲ್ಲ ಎಂದೆ. ಅದರಲ್ಲಿಯ ಐದು ಬೀಜ ನನ್ನ ಹತ್ತಿರ ಉಳಿದವು.

ಈಗ ನನಗೆ ಗೊತ್ತಾಗಬೇಕಾದದ್ದು ಇಷ್ಟು. ನಿನ್ನ ತಂದೆ ಆ ಬೀಜವನ್ನು ಎಲ್ಲಿಂದ ತರಿಸುತ್ತಿದ್ದರು? ಅದಕ್ಕೆ ಅವರು ಯಾವ ಹೆಸರು ಹೇಳುತ್ತಿದ್ದರು? ಈರಕ್ಕನ ಬೀಜವೂ ನನ್ನ ಬೀಜವೂ ನೋಡಲು ಒಂದೇ. ಆದರೆ ಬರೀ ನೋಡಿ ಹೇಳಿಬಿಡುವ ಅಭ್ಯಾಸ ನನಗೆ ಸಾಕು.

ಶಿವಗಂಗವ್ವ


ದಾಂಡೇಲಿ,
೯ ಡಿಸೆಂಬರ್ ೧೯೬೬

ಶಿವಗಂಗವ್ವ ಅವರಿಗೆ,

ನಿಮ್ಮ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಬಾರದೆಂದೇ ಇದ್ದೆ. ನೀವು ತಿದ್ದು ಎಂದು ಕೇಳಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ನೀವು ಬರೆದದ್ದೆಲ್ಲ ಸರಿ. ಒಂದು ಮಾತು ಬಿಟ್ಟಿದ್ದೀರಿ. ನೀವು ಕಾಯಿ ಹಿಚುಕಿ ತೋರಿಸಿದಾಗ ಅಬ್ಬಾ ಎದ್ದು ನಿಂತು, "ಅದು ನೈದಿಲಿ ಐತಿ ಬೇಟಿ, ಇದು ತಾವರಿ. ಎರಡೂ ಬ್ಯಾರೆ," ಎಂದರು. ಯಾರೋ ನಕ್ಕರು. ನಿಮ್ಮ ತಂದೆ ಕರಿಬಸಪ್ಪನವರು, "ಕಾಲೇಜ ಕಲ್ತ ಹುಡುಗಿ ಹೇಳ್ತಾಳ, ನೀ ಕುಂದರು," ಎಂದರು. ನಾನು ಚಾವಡಿಯ ಹೊರಗೆ ಗಾಡಿಯಲ್ಲಿ ಕೂತಿದ್ದೆ. ಎಲ್ಲ ಕೇಳಿಸುತ್ತಿತ್ತು. ನಿಮ್ಮ ದನಿ ಸ್ಪಷ್ಟವಾಗಿತ್ತು. ಶಾಲೆಯಲ್ಲಿ ಪದ್ಯ ಒಪ್ಪಿಸುವಾಗಲೂ ನಿಮ್ಮ ದನಿ ಹಾಗೇ ಇರುತ್ತಿತ್ತು.

ಅಬ್ಬಾ ಆ ಬೀಜವನ್ನು ಹುಬ್ಬಳ್ಳಿಯ ವ್ಯಾಪಾರಿಯಿಂದ ತರಿಸುತ್ತಿದ್ದರು. ಕಮಲಗಟ್ಟಾ ಎನ್ನುತ್ತಿದ್ದರು. ಕನ್ನಡದವರು ಬಂದರೆ ತಾವರೆ ಬೀಜ ಎನ್ನುತ್ತಿದ್ದರು. ಅಂಗಡಿಯ ಎಡಗಡೆಯ ಸಾಲಿನಲ್ಲಿ ಮೂರನೆಯ ಡಬ್ಬಿ. ನಿಮಗೂ ಗೊತ್ತಿರಬೇಕು. ಶಾಲೆ ಬಿಟ್ಟ ಮೇಲೆ ನನ್ನ ಜೊತೆ ಬಂದು, ಕಟ್ಟೆಯ ಮೇಲೆ ಕೂತು, ಇದೇನು ಚಾಚಾ, ಅದೇನು ಚಾಚಾ ಎಂದು ಡಬ್ಬಿಗಳನ್ನು ಒಂದೊಂದಾಗಿ ತೆಗೆಸಿದವರು ನೀವು.

ಅಬ್ಬಾ ಇದ್ದಾರೆ. ನಿಮ್ಮ ಕಾಗದದ ವಿಷಯ ಅವರಿಗೆ ಹೇಳಿಲ್ಲ.

ಶಹನಾಜ


ಮುಂಡಗೋಡ,
೨೨ ಜನವರಿ ೧೯೬೭

ಶಹನಾಜ,

ನಿನ್ನ ಕಾಗದ ಬಂದ ದಿನವೇ ಕೆಲಸ ಶುರು ಮಾಡಿದೆ. ಮಾಡಿದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಐದು ಬೀಜಗಳಲ್ಲಿ ಒಂದನ್ನು ಕಲ್ಲಿನ ಮೇಲಿಟ್ಟು ಒಡೆದೆ. ಕಪ್ಪು ತೊಗಟೆಯ ಒಳಗೆ ಬಿಳಿಯ ಎರಡು ಹೋಳು. ಅವುಗಳ ನಡುವೆ ಒಣಗಿದ, ಆದರೂ ಹಸಿರಾಗಿಯೇ ಇದ್ದ, ಮಡಿಚಿಟ್ಟಂಥ ಮೊಳಕೆ. ಈರಕ್ಕನ ಬೀಜವನ್ನೂ ಒಡೆದೆ. ಅದೇ ಹಸಿರು, ಅದೇ ಮಡಿಕೆ.

ಇನ್ನು ಮೂರನ್ನು ಸಾಣೆಕಲ್ಲಿನ ಮೇಲೆ, ತೊಗಟೆ ಸವೆದು ಬಿಳಿ ಕಾಣುವವರೆಗೆ ಒಂದು ಮಗ್ಗುಲು ಉಜ್ಜಿ, ಗಾಜಿನ ಲೋಟದ ನೀರಿಗೆ ಹಾಕಿದೆ. ಉಜ್ಜದಿದ್ದರೆ ನೀರು ಒಳಗೆ ಹೋಗುವುದಿಲ್ಲ. ಒಂದು ಕೊಳೆಯಿತು. ಉಳಿದೆರಡು ನಾಲ್ಕನೆಯ ದಿನ ಉಬ್ಬಿ ಬಿರಿದು, ಆರನೆಯ ದಿನ ಹಸಿರು ಕೊಕ್ಕೆಯಂತೆ ಹೊರಗೆ ಬಂದವು. ಎಂಟು ವರ್ಷ ಕಡ್ಡಿಪೆಟ್ಟಿಗೆಯಲ್ಲಿದ್ದ ಬೀಜ. ಮೂರನೆಯ ವಾರಕ್ಕೆ ಬೆರಳುಗುರಿನಷ್ಟು ಅಗಲದ ಎಲೆ ಬಿಚ್ಚಿ ನೀರಿನ ಮೇಲೆ ಮಲಗಿತು. ದುಂಡನೆಯ ಎಲೆ, ದಂಟು ಸರಿಯಾಗಿ ನಡುವಿಗೆ ಅಂಟಿಕೊಂಡಿದೆ, ಅಂಚಿನಲ್ಲಿ ಸೀಳಿಲ್ಲ. ನೀರು ಚಿಮುಕಿಸಿದರೆ ಹನಿಯಾಗಿ ಉರುಳಿಹೋಗುತ್ತದೆ.

ಸಂಕ್ರಾಂತಿಯ ರಜೆಯಲ್ಲಿ ಸಾಂಬ್ರಾಣಿಗೆ ಹೋಗಿ, ಮನೆಯವರಿಗೆ ಕಾರಣ ಹೇಳದೆ, ನಮ್ಮ ಕೆರೆಗೆ ಇಳಿದೆ. ಅಲ್ಲಿಯ ಎಲೆಗೆ ಅಂಚಿನಿಂದ ದಂಟಿನವರೆಗೆ ಸೀಳು ಇದೆ. ಅಲ್ಲಿಯ ಕಾಯಿ ನೀರಿನೊಳಗೇ ಮುಳುಗಿ ಹಣ್ಣಾಗುತ್ತದೆ, ಹಿಚುಕಿದರೆ ಲೋಳೆ, ಲೋಳೆಯ ತುಂಬ ಸಾಸಿವೆಯಂಥ ಬೀಜ. ಅದು ನೈದಿಲೆ. ನಮ್ಮ ಕೆರೆಯಲ್ಲಿ ಬೇರೆ ಏನೂ ಇಲ್ಲ, ಯಾವತ್ತೂ ಇರಲಿಲ್ಲ. ನಮ್ಮ ಊರು ಅದನ್ನೇ ಕಮಲ ಎಂದು ಕರೆಯುತ್ತ ಬಂದಿದೆ. ಪುಸ್ತಕದ ಹೆಸರನ್ನು ನಾನು ಊರಿನ ಹೂವಿಗೆ ಅಂಟಿಸಿದೆ. ಆ ದಿನ ಒಂದು ಬೀಜ ಒಡೆದು ನೋಡುವ ಕೆಲಸವನ್ನೂ ಮಾಡಲಿಲ್ಲ.

ಪೊಟ್ಟಣದಲ್ಲಿ ಇದ್ದದ್ದು ತಾವರೆಯ ಬೀಜ. ನಿನ್ನ ತಂದೆ ಹೇಳಿದ್ದು ನಿಜ, ನಾನು ಹೇಳಿದ್ದು ಸುಳ್ಳು. ಅವರು ಎದ್ದು ನಿಂತು ಹೇಳಿದ್ದೂ ನನಗೆ ನೆನಪಿತ್ತು. ಮೊದಲ ಕಾಗದದಲ್ಲಿ ಬರೆಯದೆ ಬಿಟ್ಟಿದ್ದೆ.

ಇಲ್ಲಿನ ದವಾಖಾನೆಯ ಡಾಕ್ಟರಿಗೆ ಕಾಶೆವ್ವನ ಕಡೆಯ ದಿನಗಳ ವಿವರ ಹೇಳಿ ಕೇಳಿದೆ. ತಲೆನೋವು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ವಾಂತಿ, ಕೊನೆಗೆ ಸೆಳೆತ. ಕಾಲು ಬಾತಿತ್ತೇ ಎಂದು ಕೇಳಿದರು. ಬಾತಿತ್ತು ಎಂದು ಅವ್ವ ಹೇಳಿದ್ದು ನೆನಪಿತ್ತು, ಹೌದೆಂದೆ. ಅದು ಬಸುರಿಯರಿಗೆ ರಕ್ತದ ಒತ್ತಡ ಏರಿ ಬರುವ ಕಾಯಿಲೆ, ಯಾವ ಬೀಜದಿಂದಲೂ ಬರುವಂಥದ್ದಲ್ಲ ಎಂದರು.

ಸಂತೆಗೆ ಈಗ ಟಿಬೆಟ್ಟಿನಿಂದ ಬಂದವರೂ ಇಳಿಯುತ್ತಾರೆ. ಒಬ್ಬ ಮುದುಕಿಯ ಕೈಯಲ್ಲಿ ಕಪ್ಪು ಮಣಿಗಳ ಜಪಸರ ಇತ್ತು. ಈರಕ್ಕ, "ಅದೂ ತಾವರಿ ಬೀಜ ಐತ್ರಿ," ಎಂದಳು. ಕೇಳಿ ತೆಗೆದುಕೊಂಡು ನೋಡಿದೆ. ಪೂರ್ತಿ ದುಂಡಗಿತ್ತು, ಒಂದು ಮಣಿಯ ಬುಡದಲ್ಲಿ ಬಿಳಿಯ ನವಿರು ಉಳಿದಿತ್ತು. ಅಂಟುವಾಳದ ಬೀಜ. ಇಷ್ಟು ನೋಡಲು ಒಂದು ನಿಮಿಷವೂ ಬೇಕಾಗಲಿಲ್ಲ.

ಕ್ಷಮೆ ಎಂಬ ಶಬ್ದವನ್ನು ಈ ಕಾಗದದಲ್ಲಿ ಬರೆಯುವುದಿಲ್ಲ. ಅದು ಕಾಗದದಲ್ಲಿ ಮುಗಿಯುವ ಲೆಕ್ಕವಲ್ಲ ಎಂದು ತಿಳಿದಿದೆ.

ಶಿವಗಂಗವ್ವ


ದಾಂಡೇಲಿ,
೧೮ ಫೆಬ್ರುವರಿ ೧೯೬೭

ಶಿವಗಂಗವ್ವ ಅವರಿಗೆ,

ಬೀಜ ಮೊಳೆತದ್ದು ನಿಮಗೆ ಹೊಸ ಸಂಗತಿ ಇರಬಹುದು. ನಮ್ಮ ಮನೆಯಲ್ಲಿ ಅದು ಯಾವ ಬೀಜ ಎಂಬ ಅನುಮಾನ ಯಾರಿಗೂ ಒಂದು ದಿನವೂ ಇರಲಿಲ್ಲ.

ನಿಮಗೆ ಗೊತ್ತಿಲ್ಲದ ನಾಲ್ಕು ಸಂಗತಿ ಬರೆಯುತ್ತೇನೆ. ಚಾವಡಿಯಲ್ಲಿ ಮಾತಾದ ಮೇಲೆ ಮೂರು ತಿಂಗಳು ಅಬ್ಬಾ ದಿನಾಲು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ಕೂತರು. ಹಳ್ಳಿಯವರು ಎದುರುಗಡೆಯ ಬದಿಯಿಂದ ಹೋಗುತ್ತಿದ್ದರು. ನಮ್ಮವರೂ ಬರುವುದನ್ನು ಬಿಟ್ಟರು. ವಿಷದ ಕರೀಮ ಎಂದು ಹೆಸರು ಬಿತ್ತು. ಅಮ್ಮ ಅದೇ ವರ್ಷ ಹೋದಳು, ಅವಳಿಗೆ ಮೊದಲಿನಿಂದಲೂ ಎದೆಯ ರೋಗವಿತ್ತು, ಅದನ್ನು ನಿಮ್ಮ ಮೇಲೆ ಹಾಕುವುದಿಲ್ಲ. ಯುಗಾದಿ ಕಳೆದ ಮೇಲೆ ಡಬ್ಬಿಗಳನ್ನೆಲ್ಲ ಹಳ್ಳಕ್ಕೆ ಸುರುವಿ ದಾಂಡೇಲಿಗೆ ಬಂದೆವು. ಈಗ ಅವರು ಕಟ್ಟಿಗೆ ಡಿಪೋದಲ್ಲಿ ಕಾವಲಿಗೆ ಇದ್ದಾರೆ. ಜೊಯಿಡಾ ಕಡೆಯಿಂದ ಲಾರಿಯಲ್ಲಿ ಬರುವ ದಿಮ್ಮಿಯ ತೊಗಟೆಯನ್ನು ಉಗುರಿನಿಂದ ಕೆರೆದು, ಮೂಸಿ ನೋಡಿ, ಇದು ಇಂಥ ಮರ ಎನ್ನುತ್ತಾರೆ. ಯಾರೂ ಕೇಳದಿದ್ದರೂ ಎನ್ನುತ್ತಾರೆ.

ಆದರೆ ಔಷಧ ಎಂಬ ಮಾತು ಮುಗಿಯಿತು. ಡಿಪೋದ ಕೂಲಿಗಳು ಕೆಮ್ಮು, ಜ್ವರ ಎಂದು ಬಂದರೆ ದವಾಖಾನೆಗೆ ಹೋಗಿ ಎಂದು ಕಳಿಸುತ್ತಾರೆ. ಹೋದ ಮಳೆಗಾಲದಲ್ಲಿ ನನ್ನ ಮಗಳಿಗೆ ಕೆಮ್ಮು ಹತ್ತಿತ್ತು. ಒಂದು ಚೂರು ಶುಂಠಿ ಜಜ್ಜಿ ಕೊಡಿ ಅಬ್ಬಾ, ನಿಮ್ಮ ಕೈಯಿಂದ ಎಂದೆ. ಎದ್ದು ಹೊರಗೆ ಹೋದರು. ಕೂಸಿಗೆ ಕಾಸಿದ ಹಾಲು ಕುಡಿಸುವುದಕ್ಕೂ ನನ್ನನ್ನು ಕರೆಯುತ್ತಾರೆ.

ನೀವು ಹೇಳಿದ್ದು ಸುಳ್ಳು ಎಂದು ನನಗೆ ಬರೆದಿದ್ದೀರಿ. ನನಗೆ ಯಾಕೆ? ನೀವು ಅದನ್ನು ಹೇಳಿದ್ದು ಸಾಂಬ್ರಾಣಿಯ ಚಾವಡಿಯಲ್ಲಿ.

ಶಹನಾಜ


ಮುಂಡಗೋಡ,
೧೦ ಏಪ್ರಿಲ್ ೧೯೬೭

ಶಹನಾಜ,

ನೀನು ಹೇಳಿದ ಜಾಗ ಸರಿ. ಪರೀಕ್ಷೆ ಮುಗಿಯುವವರೆಗೆ ರಜೆ ಸಿಗಲಿಲ್ಲ. ಹೋದ ಶನಿವಾರ ಸಾಂಬ್ರಾಣಿಗೆ ಹೋದೆ. ಎರಡು ಒಣಗಿದ ತಾವರೆ ಕಾಯಿ ಮತ್ತು ಮೊಳೆತ ಗಿಡದ ಲೋಟ ತೆಗೆದುಕೊಂಡು ಹೋಗಿದ್ದೆ.

ಅಪ್ಪನ ಎದುರಿಗೆ ಅವನ್ನು ಇಟ್ಟು ಎಲ್ಲ ಹೇಳಿದೆ. ಊರ ಹಿರಿಯರನ್ನು ಚಾವಡಿಗೆ ಕೂಡಿಸಿ, ನಾನು ಮಾತಾಡಬೇಕು ಎಂದೆ. ಅವರು ಕಾಯಿಯನ್ನು ಮುಟ್ಟಲಿಲ್ಲ.

"ಎಂಟ ವರ್ಷದ ಹಿಂದಿನ ಮಾತ ಇದು. ಯಾರ ನೆನಪ ಇಟ್ಟಾರ?"

"ಅವರು ಇಟ್ಟಾರಪ್ಪಾ."

"ನನ್ನ ಮಾತಿನ ಮ್ಯಾಲ ಊರು ಆತನ ಅಂಗಡಿ ಬಿಟ್ಟೈತಿ. ಈಗ ನೀ ಚಾವಡ್ಯಾಗ ನಿಂತ ತಪ್ಪ ಆತು ಅಂದ್ರ ಆ ತಪ್ಪ ಯಾರದಾಗತೈತಿ? ನನ್ನ ಮುಖಾ ನಾ ಎಲ್ಲಿ ಇಟಗೊಳ್ಳಲಿ?"

"ಮೊದಲ ನಂದಾಗತೈತಿ. ನಾ ಹೇಳಿದ್ನಿ, ನೀವು ನಂಬಿದ್ರಿ."

ಊಟದ ಹೊತ್ತಿಗೆ ಅವರು ಹೊಲಕ್ಕೆ ಹೋಗಿಬಿಟ್ಟರು. ಅಲ್ಲಿಗೆ ಮುಗಿಯಿತು ಎಂದುಕೊಂಡು ಸಂಜೆಯ ಬಸ್ಸಿಗೆ ಹೊರಟೆ. ಬಸ್ಸು ನಿಲ್ಲುವ ಜಾಗದವರೆಗೆ ಅಣ್ಣ ನಾಗಲಿಂಗಪ್ಪ ಜೊತೆಗೆ ಬಂದ. ಅವನಿಗೆ ಬೇರೆ ಮದುವೆಯಾಗಿ ಆರು ವರ್ಷ, ಎರಡು ಮಕ್ಕಳು. ಕಾಶೆವ್ವನ ಹೆಸರನ್ನು ಅವನ ಬಾಯಲ್ಲಿ ನಾನು ಕೇಳಿದ್ದಿಲ್ಲ.

"ಗಂಗಾ, ಆಕಿ ಆ ಬೀಜ ಒಂದೂ ತಿಂದಿಲ್ಲ," ಎಂದ.

ನಾನು ನಿಂತೆ. ಅವನು ನಿಲ್ಲಲಿಲ್ಲ. ಹಿಂದೆಯೇ ಹೋದೆ. "ಅರದ ಜೇನಿನ್ಯಾಗ ಕಲಸಿ ಕೊಡ್ರಿ ಅಂತ ಕರೀಮಸಾಬ್ರು ಹೇಳಿದ್ರು. ಮನ್ಯಾಗ ಎಲ್ಲಾರೂ ರಾಶಿ ಮಾಡಾಕ ಕಣಕ್ಕ ಹೋಗಿದ್ರು. ಒಡ್ಯಾಕ ಆಕಿ ಕೈಲಿ ಆಗಲಿಲ್ಲ. ಕಟ್ಟಿದ ಪೊಟ್ಟಣ ಕಟ್ಟಿದಂಗ ಇತ್ತು, ಆಮ್ಯಾಲ ಬಿಚ್ಚಿದಾಂವ ನಾನ."

ಹಾಗಾದರೆ ಚಾವಡಿಯಲ್ಲಿ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. ಅವನು ಹೇಳಿದ್ದು ಇಷ್ಟು. ಅವತ್ತು ಹಳಿಯಾಳಕ್ಕೆ ಹೋದದ್ದು ದವಾಖಾನೆಗೆ. ಅಲ್ಲಿಯ ನರ್ಸಬಾಯಿ ಕಾಶೆವ್ವನ ಕಾಲು ಒತ್ತಿ ನೋಡಿ, ನಾಳೆಯೇ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದಿದ್ದಳು. ಭತ್ತದ ರಾಶಿ ಅರ್ಧಕ್ಕೆ ನಿಂತಿತ್ತು. ರಾಶಿ ಮುಗಿಯಲಿ ಎಂದು ಅಪ್ಪ ಅಂದರು, ಇವನೂ ಹೂಂ ಎಂದ. ಅಲ್ಲಿಯವರೆಗೆ ವಾಂತಿಯಾದರೂ ನಿಲ್ಲಲಿ ಎಂದು ದಾರಿಯಲ್ಲಿ ನಿನ್ನ ತಂದೆಯ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ. ಏಳನೆಯ ದಿನ ಅವಳು ಸತ್ತಳು.

"ಕರೀಮಸಾಬ್ರದು ತಪ್ಪಲ್ಲ ಅಂದಿದ್ರ, ಮತ್ತ ಯಾರದು ಅಂತ ಕೇಳ್ತಿದ್ರು," ಎಂದ. ಬಸ್ಸು ಬಂತು.

ನಾನು ಬೀಜವನ್ನು ತಪ್ಪಾಗಿ ಗುರುತಿಸಿದೆ ಎಂಬುದು ನಮ್ಮ ಮನೆಗೆ ಅನುಕೂಲವಾಗಿತ್ತು. ಇದನ್ನು ನಿನಗೆ ಬರೆಯದೆ ಇರಬಹುದಿತ್ತು. ಬರೆದಿದ್ದೇನೆ.

ಶಿವಗಂಗವ್ವ


ದಾಂಡೇಲಿ,
೨ ಮೇ ೧೯೬೭

ಶಿವಗಂಗವ್ವ ಅವರಿಗೆ,

ಕಾಗದವನ್ನು ಮನ್ಸೂರರಿಗೂ ಓದಿ ಹೇಳಿದೆ. ಅವರು, "ಅಬ್ಬಾಗೆ ಈಗಲೇ ಹೇಳಬೇಡ. ಬಸ್ ಸ್ಟ್ಯಾಂಡಿನಲ್ಲಿ ತಂಗಿಯ ಕಿವಿಯಲ್ಲಿ ಹೇಳಿದ ಮಾತಿನಿಂದ ಅವರಿಗೆ ಏನಾಗಬೇಕು?" ಎಂದರು. ನನಗೂ ಹಾಗೇ ಅನಿಸಿತು.

ನಿಮ್ಮ ಅಣ್ಣ ಅದನ್ನು ಎಲ್ಲರೆದುರು ಹೇಳುತ್ತಾರೆಯೇ? ಹೇಳುವುದಾದರೆ ಬರೆಯಿರಿ. ಇಲ್ಲದಿದ್ದರೆ ಇನ್ನು ಕಾಗದ ಬೇಡ.

ಶಹನಾಜ


ಸಾಂಬ್ರಾಣಿ,
೪ ಜೂನ್ ೧೯೬೭

ಶಹನಾಜ,

ನಿನ್ನೆ ಬೆಳಿಗ್ಗೆ ಚಾವಡಿಯಲ್ಲಿ ಕೂಡಿದ್ದರು. ಅಪ್ಪ ಕೂಡಿಸಲಿಲ್ಲ. ನಾನು ಮತ್ತು ಅಣ್ಣ ಮೂರು ದಿನ ಮನೆಮನೆಗೆ ಹೋಗಿ ಕರೆದೆವು. ಬಿತ್ತನೆಯ ಹೊತ್ತು, ಬೇಗ ಮುಗಿಸ್ರಿ ಎನ್ನುತ್ತಲೇ ಮೂವತ್ತು ಜನ ಬಂದರು. ಆ ದಿನ ಪಂಚರಾಗಿದ್ದವರಲ್ಲಿ ಈಗ ಉಳಿದಿರುವುದು ಶೇಖಪ್ಪಜ್ಜ ಒಬ್ಬರೇ. ಅಪ್ಪ ಕಂಬಕ್ಕೆ ಒರಗಿ ಕೂತಿದ್ದರು.

ನಾನು ಎರಡೂ ಬಗೆಯ ಕಾಯಿಗಳನ್ನು ಕಟ್ಟೆಯ ಮೇಲೆ ಇಟ್ಟು ಮೊದಲಿನಿಂದ ಹೇಳಿದೆ. ಇದು ತಾವರೆ, ಇದು ನೈದಿಲೆ. ತಾವರೆಯ ಕಾಯಿ ನೀರಿನ ಮೇಲೆ ಎತ್ತರಕ್ಕೆ ನಿಂತು ಒಣಗುತ್ತದೆ, ನೈದಿಲೆಯದು ನೀರಿನಲ್ಲಿ ಮುಳುಗಿ ಕೊಳೆತು ಬಿರಿಯುತ್ತದೆ. ನಮ್ಮ ಕೆರೆಯಲ್ಲಿ ಇರುವುದು ನೈದಿಲೆ, ಕರೀಮಸಾಬರು ಕೊಟ್ಟದ್ದು ತಾವರೆ. ಅವರು ಅವತ್ತು ಇದೇ ಮಾತು ಹೇಳಿದರು, ನಾನು ಕೇಳಲಿಲ್ಲ, ನನಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿದೆ. ಕಾಯಿಗಳು ಕೈಯಿಂದ ಕೈಗೆ ಹೋದವು. ಕೆಲವರು ಬೀಜ ಕಡಿದು ನೋಡಿ ಹಲ್ಲು ಹಿಡಿದುಕೊಂಡರು.

ಶೇಖಪ್ಪಜ್ಜ ಕೇಳಿದರು: "ಬೀಜ ಖರೇ ಇದ್ದುವು ಅನ್ನು. ಆದ್ರ ಅದನ್ನ ತಿಂದ ಹೆಣ್ಣಮಗಳು ಸತ್ತಾಳಲ್ಲವ್ವಾ?"

ಆಗ ಅಣ್ಣ ಎದ್ದ. ಬಸ್ಸಿನ ದಾರಿಯಲ್ಲಿ ನನಗೆ ಹೇಳಿದ್ದನ್ನೇ ಹೇಳಿದ. ಪೊಟ್ಟಣ ಬಿಚ್ಚಿರಲಿಲ್ಲ, ಹುಬ್ಬಳ್ಳಿಗೆ ಒಯ್ಯಿರಿ ಎಂದಿದ್ದರು, ನಾವು ಒಯ್ಯಲಿಲ್ಲ. ರಾಶಿಯ ಮಾತು ಬಂದಾಗ ಅಪ್ಪನ ಹೆಸರು ತೆಗೆಯಲಿಲ್ಲ. "ನಾ ಒಯ್ಯಲಿಲ್ಲ," ಎಂದ. ಅಪ್ಪ ರುಮಾಲು ಸರಿ ಮಾಡಿಕೊಂಡು ಎದ್ದು, "ರಾಶಿ ಮುಗೀಲಿ ಅಂದವ ನಾನು," ಎಂದು ಹೇಳಿ ಮೆಟ್ಟಿಲು ಇಳಿದು ಹೋದರು.

ಯಾರೂ ದೊಡ್ಡ ಮಾತು ಆಡಲಿಲ್ಲ. ಕಾಶೆವ್ವನ ತವರಿನ ಕಡೆಯ ಶಂಕ್ರೆವ್ವ ಸೆರಗು ಬಾಯಿಗೆ ಒತ್ತಿಕೊಂಡು ಹಿಂದೆ ನಿಂತಿದ್ದಳು, ಅವಳು ಅಣ್ಣನ ಮುಖ ನೋಡದೆ ಹೋದಳು. ಶೇಖಪ್ಪಜ್ಜ, "ಕರೀಮಸಾಬಗ ಬಾ ಅಂತ ಹೇಳ್ರಿ. ಅಂಗಡಿ ತೆಗೆಯೂದಾದ್ರ ನಾವ ಮುಂದ ನಿಂತ ತೆಗಸ್ತೇವಿ," ಎಂದರು. ನಾಲ್ಕು ಜನ ತಲೆಯಾಡಿಸಿದರು. ಉಳಿದವರು ಮೋಡ ನೋಡುತ್ತ ಹೊಲದ ಕಡೆ ಹೊರಟರು.

ನಿನ್ನೆಯಿಂದ ಅಪ್ಪ ನಮ್ಮಿಬ್ಬರ ಜೊತೆ ಮಾತಾಡಿಲ್ಲ. ಅವರು ಊಟ ಮಾಡಿದ್ದಾರೆ.

ಇನ್ನು ನಿನ್ನ ತಂದೆಗೆ ಹೇಳುವುದೂ ಬಿಡುವುದೂ ನಿನಗೆ ಸೇರಿದ್ದು. ಅವರು ಕರೆದರೆ ಬರುತ್ತೇನೆ. ಕರೆಯದಿದ್ದರೆ ಬರುವುದಿಲ್ಲ.

ಶಿವಗಂಗವ್ವ


ದಾಂಡೇಲಿ,
೨೦ ಆಗಸ್ಟ್ ೧೯೬೭

ಶಿವಗಂಗಾ,

ಇಷ್ಟು ದಿನ ಬರೆಯದೆ ಇದ್ದದ್ದು ಸಿಟ್ಟಿನಿಂದ ಅಲ್ಲ. ಜೂನಿನಲ್ಲಿ ಅಬ್ಬಾನಿಗೆ ಜ್ವರ ಬಂದು ತಿಂಗಳು ಮಲಗಿದ್ದರು. ಎದ್ದು ಓಡಾಡಲಿ ಎಂದು ಕಾದೆ. ಹೋದ ಭಾನುವಾರ ಡಿಪೋಗೆ ಊಟ ಒಯ್ದಾಗ ನಿನ್ನ ಕಾಗದಗಳನ್ನೂ ತೆಗೆದುಕೊಂಡು ಹೋದೆ. ದಿಮ್ಮಿಯ ಮೇಲೆ ಕೂತು, ಮೊದಲನೆಯದರಿಂದ ಕೊನೆಯದರವರೆಗೆ ಎಲ್ಲ ಓದಿದೆ. ಮಳೆ ಬಿಟ್ಟಿತ್ತು.

ಬೀಜ ಮೊಳೆತದ್ದನ್ನು ಎರಡನೆಯ ಸಲ ಓದಿಸಿದರು. "ಸಾಣಿಕಲ್ಲಿನ ಮ್ಯಾಲ ತಿಕ್ಕಿದ್ಲಾ? ಯಾರ ಹೇಳಿಕೊಟ್ರು?" ಎಂದರು. ಈರಕ್ಕ ಇರಬೇಕು ಎಂದೆ. ಚಾವಡಿಯದನ್ನು ಓದುವಾಗ ತಟ್ಟೆಯ ರೊಟ್ಟಿ ಮುಟ್ಟದೆ ಕೇಳಿದರು. ಶೇಖಪ್ಪಜ್ಜನ ಮಾತಿಗೆ ಕೈ ಆಡಿಸಿದರು. "ಅಂಗಡಿ ಬ್ಯಾಡ. ನನಗೀಗ ಕಣ್ಣ ಸರಿ ಕಾಣೂದಿಲ್ಲ," ಎಂದರು. ಅವರಿಗೆ ಅಳು ಬರಬಹುದು, ಇಲ್ಲವೇ ಸಿಟ್ಟು ಬರಬಹುದು ಎಂದು ನಾನು ಅಂದುಕೊಂಡಿದ್ದೆ. ಎರಡೂ ಬರಲಿಲ್ಲ.

ಆಮೇಲೆ ಒಂದು ಮಾತು ಹೇಳಿದರು. ಮನೆಯಲ್ಲಿ ನಾವು ಆಡುವ ಮಾತಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ, ಹೆಚ್ಚು ಕಡಿಮೆ ಆಗಬಾರದೆಂದು ಅವರನ್ನು ಮತ್ತೊಮ್ಮೆ ಕೇಳಿಕೊಂಡು ಬರೆದಿದ್ದೇನೆ.

"ಬೀಜದ ಬಗ್ಗೆ ನನಗೆ ಯಾವತ್ತೂ ಅನುಮಾನ ಇರಲಿಲ್ಲ ಮಗಳೇ. ಊರು ಏನಾದರೂ ಅನ್ನಲಿ, ತಾವರೆಯ ಬೀಜವನ್ನು ನಾನು ಕತ್ತಲಲ್ಲಿ ಮುಟ್ಟಿ ಹೇಳಬಲ್ಲೆ. ನನ್ನನ್ನು ತಿಂದದ್ದು ಅದಲ್ಲ. ಎಂಟನೆಯ ತಿಂಗಳ ಬಸುರಿಗೆ ವಾಂತಿ ಎಂದು ಯಾರಾದರೂ ಬಂದರೆ ಮೊದಲು ಕೇಳಬೇಕಾದದ್ದು ಕಾಲು ಬಾತಿದೆಯೇ ಎಂದು. ಬಾತಿದ್ದರೆ ನಾವು ಔಷಧ ಕೊಡಬಾರದು, ದವಾಖಾನೆಗೆ ಕಳಿಸಬೇಕು. ನನ್ನ ತಂದೆ ನನಗೆ ಹೇಳಿದ್ದು ಅದು. ಅವತ್ತು ಆ ಹುಡುಗ ಬಂದು ನಿಂತ. ಹೊರಗೆ ಗಾಡಿಯಲ್ಲಿ ಆಕೆ ಕೂತಿದ್ದಳು, ಹತ್ತು ಹೆಜ್ಜೆ. ಪರರ ಮನೆಯ ಹೆಣ್ಣುಮಗಳು ಎಂದು ನಾನು ಇಳಿದು ಹೋಗಿ ನೋಡಲಿಲ್ಲ. ಆದರೆ ಕೇಳಿದೆನೋ ಇಲ್ಲವೋ? ಕೇಳಿದೆ ಎಂದು ಒಂದು ದಿನ ಅನಿಸುತ್ತದೆ, ಕೇಳಲಿಲ್ಲ ಎಂದು ಮರುದಿನ ಅನಿಸುತ್ತದೆ. ಅಂಗಡಿಯಲ್ಲಿ ಆ ಹೊತ್ತಿಗೆ ಬೇರೆ ಇಬ್ಬರು ನಿಂತಿದ್ದರು. ಚಾವಡಿಯಲ್ಲಿ ನಾನು ಒಂದೇ ಮಾತು ಹೇಳಿ ಕೂತದ್ದು ಯಾಕೆ ಅಂದುಕೊಂಡೆ? ಬೀಜ ಸರಿ ಎಂದು ಹೇಳಬಹುದಿತ್ತು. ನಾನು ಸರಿ ಎಂದು ಹೇಳಲು ಬಾಯಿ ಬರಲಿಲ್ಲ. ಆ ಹುಡುಗನನ್ನು ಕೇಳಿಸು. ಅವನಿಗೆ ನೆನಪಿದ್ದರೆ ಇದ್ದ ಹಾಗೆ ಹೇಳಲಿ. ಕೇಳಲಿಲ್ಲ ಎಂದಾದರೆ ಹಾಗೇ ಹೇಳಲಿ."

ಒಂಬತ್ತು ವರ್ಷ ನಾನು ಇವರ ಮಗ್ಗುಲಲ್ಲಿ ಇದ್ದೇನೆ, ಶಿವಗಂಗಾ. ನಿನ್ನ ಮಾತು ಇವರನ್ನು ಹೀಗೆ ಮಾಡಿತು ಎಂದು ತಿಳಿದು ನಿನ್ನನ್ನು ಬೈಯುತ್ತ ಇದ್ದೆ. ಇವರು ಒಳಗೆ ಬೇರೆಯದೇ ಕಟಕಟೆಯಲ್ಲಿ ನಿಂತಿದ್ದರು.

ನಿನ್ನ ಅಣ್ಣನನ್ನು ಕೇಳು. ಇವರನ್ನು ಸಮಾಧಾನ ಮಾಡಲಿಕ್ಕೆ ಏನನ್ನೂ ಸೇರಿಸಬೇಡ. ಅವರಿಗೆ ಗೊತ್ತಾಗಿಬಿಡುತ್ತದೆ.

ಶಹನಾಜ


ಮುಂಡಗೋಡ,
೩ ಸೆಪ್ಟೆಂಬರ್ ೧೯೬೭

ಶಹನಾಜ,

ನಿನ್ನ ಕಾಗದ ಕೈಗೆ ಬಂದ ಮರುದಿನ ರಜೆ ಹಾಕಿ ಊರಿಗೆ ಹೋದೆ. ಅಣ್ಣ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ. ನಾನು ಏನನ್ನೂ ಮೊದಲು ಹೇಳಲಿಲ್ಲ. ಅಂಗಡಿಯಲ್ಲಿ ಅವತ್ತು ಕರೀಮಸಾಬರು ನಿನ್ನನ್ನು ಏನು ಕೇಳಿದರು, ನೆನಪಿದ್ದಷ್ಟು ಹೇಳು ಎಂದೆ. ಅವನು ಬದುವಿನ ಮೇಲೆ ಕೂತ. ಅವನ ಮಾತನ್ನು ಅವನ ಬಾಯಲ್ಲಿ ಬಂದಂತೆ ಬರೆಯುತ್ತೇನೆ.

"ಎಷ್ಟನೇ ತಿಂಗಳು ಅಂದ್ರು. ಎಂಟು ಅಂದ್ನಿ. ಕಾಲ ಬಾತಾವೇನು ಅಂದ್ರು. ಇಲ್ಲ ಅಂದ್ನಿ. ತಕ್ಕಡಿ ಕೆಳಗ ಇಟ್ಟು ಮತ್ತ ಕೇಳಿದ್ರು, ಸರಿ ನೋಡೀಯೇನಪಾ, ಕಾಲ ಬಾತಿಲ್ಲಲ್ಲಾ ಅಂತ. ಬಾತಿಲ್ರಿ ಅಂದ್ನಿ. ಬಾತಾವ ಅಂದಿದ್ರ ಅವರೂ ಹುಬ್ಬಳ್ಳಿಗೆ ಹೋಗು ಅಂತಿದ್ರು. ಅದಕ್ಕ ಇಲ್ಲ ಅಂದ್ನಿ."

ಬೇರೆ ಯಾರು ಇದ್ದರು ಎಂದು ಕೇಳಿದೆ. ಇಬ್ಬರು ನಿಂತಿದ್ದರು ಎಂದ. ನಿನ್ನ ಕಾಗದದಲ್ಲಿ ಅದಿದೆ ಎಂದು ನಾನು ಅವನಿಗೆ ಹೇಳಿರಲಿಲ್ಲ.

ಅವನು ದಾಂಡೇಲಿಗೆ ಬಂದು ಇದನ್ನು ತಾನೇ ಹೇಳುತ್ತಾನಂತೆ. ಅವತ್ತೇ ಹೊರಟಿದ್ದ. ಗುರುವಾರ ಹೋಗು ಎಂದು ತಡೆದಿದ್ದೇನೆ. ಕಾಗದ ಅವನಿಗಿಂತ ಎರಡು ದಿನ ಮುಂಚೆ ನಿನಗೆ ಮುಟ್ಟಬೇಕು. ಅವನ ಮುಖ ನೋಡುವುದೋ ಬೇಡವೋ ಅವರು ಆಮೇಲೆ ಯೋಚಿಸಲಿ. ಇದನ್ನು ಮಾತ್ರ ಬಂದ ಕೂಡಲೇ ಡಿಪೋಗೆ ಒಯ್ದು ಓದಿ ಹೇಳು, ಊಟದ ಹೊತ್ತಿನವರೆಗೆ ಕಾಯಬೇಡ. ಅವರು ಕೇಳಿದ್ದರು. ಎರಡು ಸಲ ಕೇಳಿದ್ದರು.

ನಿನ್ನ,
ಶಿವಗಂಗಾ